ಜೈದ್‌ನ ಕೈಗಳು

ಮಿದೆಲ್ತ್,
12 ನವೆಂಬರ್ 2016

ಪ್ರೀತಿಯ ಇಜ್ಜಾ ಅಕ್ಕನಿಗೆ,

ನಿನ್ನ ತೂದಾಳ ಸಲಾಮ್. ನೀನೂ ಭಾವನೂ ಹೊಟ್ಟೆಯಲ್ಲಿರುವ ಕೂಸೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಇಂಥದ್ದನ್ನು ಫೋನಿನಲ್ಲಿ ಹೇಳಲು ನಾಚಿಕೆ, ಅತ್ತೆ ಪಕ್ಕದಲ್ಲೇ ಇರುತ್ತಾರೆ.

ಬೇಸಿಗೆಯಿಂದ ನನ್ನ ತೊಡೆ, ತೋಳುಗಳಲ್ಲಿ ನೀಲಿ ಕಲೆಗಳು ಏಳುತ್ತಿದ್ದವು. ಬಿದ್ದದ್ದಿಲ್ಲ, ತಾಗಿಸಿಕೊಂಡ ನೆನಪೂ ಇಲ್ಲ. ಹಮ್ಮಾಮಿನಲ್ಲಿ ಎಲ್ಲರ ಜೊತೆ ಸ್ನಾನಕ್ಕೆ ಕುಳಿತಾಗ ಬೆನ್ನುಜ್ಜುವ ಹೆಂಗಸು, "ಏನೇ ಹುಡುಗಿ, ಗಂಡನ ಪ್ರೀತಿ ಜಾಸ್ತಿ ಆಯ್ತಾ?" ಎಂದು ನಕ್ಕಳು. ಬೇರೆ ಯಾರೂ ನಗಲಿಲ್ಲ. ಒಬ್ಬಳು ಜಿನ್ ಚಿವುಟಿದ್ದೆಂದಳು. ಜೊತೆಗೆ ಬಂದಿದ್ದ ಅತ್ತೆ ಮನೆ ಸೇರಿದ ಮೇಲೆ, ಹಿಂದೆ ಮಾವ ಮುರಿದಿದ್ದ ತಮ್ಮ ಮೊಣಕೈ ಸವರಿಕೊಳ್ಳುತ್ತ, "ಅವರಪ್ಪನ ಕೈ ಇವನಿಗೂ ಬಂತು" ಅಂದರು.

ಜೈದ್ ಅದನ್ನು ಕೇಳಿಸಿಕೊಂಡ. ನನ್ನ ಗಂಡ ದನಿ ಕೂಡ ಎತ್ತುವವನಲ್ಲ, ನಿನಗೇ ಗೊತ್ತು. ಆದರೂ ನಿದ್ದೆಯಲ್ಲಿ ತಾನೇ ಹೊಡೆಯುತ್ತಿರಬೇಕೆಂಬುದು ಅವನ ತಲೆಗೆ ಹತ್ತಿಕೊಂಡಿತು. ಮಗ್ಗದ ಕೋಣೆಗೆ ಹಾಸಿಗೆ ಒಯ್ದ. ಮಲಗುವಾಗ ಉಣ್ಣೆಯ ಹುರಿಯಿಂದ ಕೈ ಕಟ್ಟಿಸಿಕೊಳ್ಳತೊಡಗಿದ. ಗಂಟು ಹಾಕುತ್ತಿದ್ದವರು ಅತ್ತೆ. ಆಮೇಲೂ ಹೊಸ ಕಲೆ ಕಂಡರೆ, ಗಂಟು ಸಡಿಲವಿತ್ತು, ನಿದ್ದೆಯಲ್ಲೇ ಎದ್ದು ಬಂದಿರಬೇಕು ಎನ್ನುತ್ತಿದ್ದ.

ಕೊನೆಗೆ ಮೆಕ್ನೆಸ್‌ನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಕಲೆಗಳನ್ನೆಲ್ಲ ನೋಡಿ, ಹಲ್ಲುಜ್ಜುವಾಗ ರಕ್ತ ಬರುತ್ತದಾ, ಮುಟ್ಟು ಎಷ್ಟು ದಿನ, ತಲೆನೋವಿಗೆ ಯಾವ ಮಾತ್ರೆ ಎಂದೆಲ್ಲ ಕೇಳಿದರು. ಜೈದ್‌ನನ್ನು ಹೊರಗೆ ಕಳಿಸಿ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎಂದೂ ಕೇಳಿದರು. ಇಲ್ಲವೆಂದೆ. ಬಾಗಿಲಾಚೆಯಿಂದ ಅವನು, "ಹೌದು ಅನ್ನು ತೂದಾ, ಹೆದರಬೇಡ" ಅಂದ.

ರಕ್ತ ತೆಗೆದು ಪರೀಕ್ಷೆಗೆ ರಬಾತಿಗೆ ಕಳಿಸಿದರು. ಹೋದ ವಾರ ಮತ್ತೆ ಕರೆದು ಹೇಳಿದರು: ರಕ್ತ ಹೆಪ್ಪುಗಟ್ಟಿಸುವ ಒಂದು ಅಂಶ ನನಗೆ ಹುಟ್ಟಿನಿಂದಲೇ ಕಡಿಮೆಯಂತೆ. ಮೆಲ್ಲಗೆ ತಾಗಿದರೂ ಕಲೆ ಏಳುತ್ತದಂತೆ. ಬೇಸಿಗೆಯಿಂದ ನುಂಗುತ್ತಿದ್ದ ತಲೆನೋವಿನ ಮಾತ್ರೆಯಿಂದ ಅದು ಜಾಸ್ತಿಯಾಯಿತಂತೆ. ಜೈದ್ ಅಲ್ಲೇ ಕುಳಿತು ಅತ್ತುಬಿಟ್ಟ. ಮನೆಗೆ ಬಂದು ಹೇಳಿದಾಗ ಅತ್ತೆ ಆ ಹುರಿಯನ್ನು ಒಲೆಗೆ ಹಾಕಿದರು.

ಒಡಹುಟ್ಟಿದವರಿಗೂ ಇದು ಇರಬಹುದಂತೆ. ಹೆರಿಗೆಗೆ ಮುಂಚೆ ನೀನು ತಪ್ಪದೆ ಪರೀಕ್ಷೆ ಮಾಡಿಸು ಅಕ್ಕ, ಉದಾಸೀನ ಮಾಡಬೇಡ. ದೇವರು ನಿನ್ನ ಹೆರಿಗೆ ಹಗುರ ಮಾಡಲಿ, ಕೂಸನ್ನು ಕಾಯಲಿ.

ನಿನ್ನ ತಂಗಿ,
ತೂದಾ

ವಿ.ಸೂ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ನನ್ನ ಕೈ ಹಿಡಿದು ಕುಳಿತಿದ್ದ. ಅವನು ನನ್ನನ್ನು ಮುಟ್ಟಿ ಎಷ್ಟೋ ತಿಂಗಳಾಗಿತ್ತು. ಮರುದಿನ ಚಹಾ ಕೊಡುವಾಗ ನನ್ನ ಮಣಿಕಟ್ಟು ಅವನ ಕಣ್ಣಿಗೆ ಬಿತ್ತು. ಐದು ಬೆರಳೂ ನೀಲಿಯಾಗಿ ಮೂಡಿದ್ದವು. ತನ್ನ ಕೈಯನ್ನು ಪಕ್ಕದಲ್ಲಿ ಹಿಡಿದು ಅಳೆದು ನೋಡಿದ. "ಕಾಯಿಲೆ ಕಣೋ ಇದು" ಅಂದೆ. "ಗೊತ್ತು" ಅಂದ.

ಈಗ ನನಗೆ ಏನು ಕೊಡುವುದಿದ್ದರೂ ನೆಲದ ಮೇಲಿಟ್ಟು ಹಿಂದೆ ಸರಿಯುತ್ತಾನೆ.