ಗಿಟಾರಿಗೆ ಮಾವ ಹಚ್ಚಿದ ಎಣ್ಣೆ

ಗುರುವಾಯನಕೆರೆ
ಸೋಮವಾರ, ೫-೧೨-೧೯೬೬

ಬೊಂಬಾಯಿಯಲ್ಲಿರುವ ನನ್ನವರಿಗೆ ಸರಸಳ ಪ್ರೀತಿಯ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಹೋಟೆಲಿನ ಒಲೆಯ ಹತ್ತಿರ ಮಲಗಬೇಡಿ ಎಂದು ಎಷ್ಟು ಸಲ ಬರೆದರೂ ನೀವು ಅಲ್ಲೇ ಮಲಗುವವರು. ಇಲ್ಲಿ ನಾವು ಕ್ಷೇಮ. ಮಾವನ ಮೊಣಕಾಲು ಪರವಾಗಿಲ್ಲ, ಬಾಯಿ ಮೊದಲಿನಂತೆಯೇ ಇದೆ. ಬೇಲಿಯಾಚೆಯಿಂದ ನಿಮ್ಮ ಅಕ್ಕ ಕಾಂತಿ ದಿನಕ್ಕೆರಡು ಸಲ ಬಂದು ನಮ್ಮಿಬ್ಬರ ಜಗಳ ಕೇಳಿಕೊಂಡು ಹೋಗುತ್ತಾರೆ.

ನೀವು ಕಾಯುತ್ತಿರುವುದು ಗಿಟಾರಿನ ಸುದ್ದಿಗೆ ಎಂದು ಗೊತ್ತು. ಕ್ರಿಸ್‌ಮಸ್ಸಿಗೆ ಸ್ವಂತ ಗಿಟಾರು ತಂದರೆ ಹೋಟೆಲಿನ ಬ್ಯಾಂಡಿನಲ್ಲಿ ಕೂರಿಸುತ್ತೇನೆಂದು ಮೇನೇಜರು ಹೇಳಿದ್ದು, ಅಲ್ಲಿ ಜಾಗ ಸಿಕ್ಕಿದರೆ ಕೋಣೆ ಹಿಡಿದು ನನ್ನನ್ನು ಕರೆಸಿಕೊಳ್ಳುತ್ತೇನೆಂದು ನೀವು ಬರೆದದ್ದು, ಎರಡೂ ನನಗೆ ಬಾಯಿಪಾಠ. ಮದುವೆಯಾಗಿ ಮೂರು ವರ್ಷದಲ್ಲಿ ನಾವು ಒಟ್ಟಿಗಿದ್ದದ್ದು ನಿಮ್ಮ ಎರಡು ರಜೆ ಮಾತ್ರ. ಯಾರಿಂದಲಾದರೂ ರಿಪೇರಿ ಮಾಡಿಸಿ, ರಜೆ ಮುಗಿಸಿ ಬೊಂಬಾಯಿಗೆ ಮರಳುವ ಅಬೂಬಕ್ಕರ್ ಕೈಯಲ್ಲಿ ಕಳಿಸು ಎಂದಿದ್ದಿರಿ. ಯಾರಿಂದ ಮಾಡಿಸುವುದು? ಕತ್ತು ಸೀಳಿ ದನಿ ಸತ್ತ ನಿಮ್ಮ ಆ ಹಳೇ ಕರೆಂಟಿನ ಗಿಟಾರನ್ನು ಅಟ್ಟದಿಂದ ನಾನೇ ಇಳಿಸಿದೆ.

ಬಡಗಿ ಧರ್ಣಪ್ಪಣ್ಣ ಅಂಟು ಕಾಯಿಸಿ ಕೊಟ್ಟರು. ಸೀಳಿಗೆ ತುಂಬಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಎರಡು ದಿನ ಬಿಟ್ಟೆ. ಮುಚ್ಚಳ ಬಿಚ್ಚಿದರೆ ಒಳಗೆ ಕುಂಬಾರ ಹುಳದ ಮಣ್ಣಿನ ಗೂಡು, ಅದರ ಹಿಂದೆ ತುಂಡಾದ ವಯರು. ಬೆಳ್ತಂಗಡಿಯಿಂದ ಬೆಸುಗೆಯ ಕಬ್ಬಿಣ ತರಿಸಿ, ತೆಂಗಿನ ಗೆರಟೆಯ ಕೆಂಡದಲ್ಲಿ ಕಾಯಿಸಿ, ನಾನೇ ಬೆಸುಗೆ ಹಾಕಿದೆ. ನಗಬೇಡಿ. ಎರಡು ಸಲ ಬಿಟ್ಟುಹೋಯಿತು, ಮೂರನೆಯ ಸಲ ನಿಂತಿತು. ಮಾವ "ಇದು ಹೆಂಗಸರು ಮಾಡುವ ಕೆಲಸವಾ?" ಎನ್ನುತ್ತಲೇ ಕೆಂಡಕ್ಕೆ ಗಾಳಿ ಹಾಕುತ್ತಿದ್ದರು.

ಆಮೇಲೆ ಆಯಿತು ನೋಡಿ ಅನಾಹುತ. ನಾನು ತೋಡಿಗೆ ಬಟ್ಟೆ ಒಗೆಯಲು ಹೋಗಿದ್ದಾಗ ಮಾವ, ಗೆದ್ದಲು ಹಿಡಿಯದಿರಲೆಂದು, ಮನೆಯ ಮಾಡಿನ ಪಕ್ಕಾಸಿಗೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಗಿಟಾರಿನ ಕತ್ತಿಗೆಲ್ಲ ಹಚ್ಚಿದ್ದಾರೆ. ಕೋಲಿಗೆ ಚಿಂದಿ ಸುತ್ತಿ ಹಚ್ಚಿದ್ದರಿಂದ ಅವರ ಕೈ ಉಳಿಯಿತು. ನನಗೆ ಶೀತವಾಗಿ ಮೂಗು ಕಟ್ಟಿತ್ತು, ವಾಸನೆ ತಿಳಿಯಲಿಲ್ಲ. ಎಂಥ ಹೊಳಪು ಬಂದಿದೆ ಎಂದು ಸವರಿ ಸವರಿ ತಂತಿ ಕಟ್ಟಿದೆ. ಮರುದಿನ ಎರಡೂ ಅಂಗೈ ತುಂಬ ಸುಟ್ಟಂತೆ ಬೊಕ್ಕೆ.

ಹತ್ತು ದಿನ ನನಗೆ ಅನ್ನ ಕಲಸಲೂ ಆಗಲಿಲ್ಲ. ನಾನು ಬೊಂಬಾಯಿ ಎಂದಾಗಲೆಲ್ಲ "ನೀನು ಹೋದ್ರೆ ಈ ಮನೆಯಲ್ಲಿ ಗಂಜಿ ಬೇಯಿಸುವವರು ಯಾರು?" ಎಂದು ಬಾಯಿ ಮುಚ್ಚಿಸುತ್ತಿದ್ದ ಮಾವ ತಾವೇ ಒಲೆಯ ಮುಂದೆ ಕುಳಿತರು. ಕಾಂತಿ ಅಕ್ಕನನ್ನೂ ಒಳಗೆ ಬಿಡಲಿಲ್ಲ. ಮೊದಲ ದಿನದ ಗಂಜಿ ದನಕ್ಕೆ ಹೋಯಿತು. ಐದನೆಯ ದಿನ ಹುರುಳಿ ಸಾರು, ಎಂಟನೆಯ ದಿನ ಬಂಗುಡೆ ಪುಳಿಮುಂಚಿ. ಸುಳ್ಳು ಯಾಕೆ ಹೇಳಲಿ, ನನ್ನದಕ್ಕಿಂತ ರುಚಿ. ನಡುವೆ ಗಾಜಿನ ಚೂರಿನಿಂದ ಆ ಎಣ್ಣೆಯನ್ನು ಹೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ಹೊಸ ವಾರ್ನಿಷ್ ಹಚ್ಚಿದರು. ತಪ್ಪಾಯಿತೆಂದು ಹೇಳಲಿಲ್ಲ. ಒಂದು ಮಧ್ಯಾಹ್ನ ನನ್ನ ಮುಂದೆ ಬಟ್ಟಲಿಡುವಾಗ ಅವರ ಕಣ್ಣು ಒದ್ದೆಯಾಗಿತ್ತು. ಹೊಗೆ ಎಂದರು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

ನಮ್ಮ ಮನೆಗೆ ಕರೆಂಟು ಬಂದಿಲ್ಲವಲ್ಲ, ಮೊನ್ನೆ ಹಾಜಬ್ಬರ ಚಾದ ಹೋಟೆಲಿಗೆ ಹೋದೆವು. ಅವರ ರೇಡಿಯೋದ ಹಿಂದೆ ಗ್ರಾಮಫೋನಿನ ವಯರು ಸಿಕ್ಕಿಸುವ ತೂತುಗಳಿವೆ, ಅಲ್ಲಿಗೆ ಗಿಟಾರಿನ ವಯರು ಸಿಕ್ಕಿಸಿದೆ. "ರೇಡಿಯೋ ಹಾಳಾದ್ರೆ ನಿನ್ನ ಮಾವನನ್ನೇ ಇಲ್ಲಿ ಕೂರಿಸ್ತೇನೆ ಮಾರಾಯ್ತಿ, ವಾರ್ತೆ ಓದ್ಲಿಕ್ಕೆ" ಎಂದರು ಹಾಜಬ್ಬ. ದಪ್ಪ ತಂತಿ ಮೀಟಿದೆ. ರೇಡಿಯೋದೊಳಗಿಂದ ದೊಡ್ಡ ದನಿ ಬಂತು, ಚಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ಜನರ ಮುಂದೆ ನಾನು ಅತ್ತುಬಿಟ್ಟೆ. ಮಾವ ಮಾತ್ರ "ಹಾಡು ಯಾವಾಗ ಬರ್ತದೆ?" ಎಂದು ಕೇಳಿದರು.

ಹೊತ್ತಿಗೆ ಸರಿಯಾಗಿ ಉಣ್ಣಿ, ಬಿಸಿನೀರು ಕುಡಿಯಿರಿ. ಮಾವ ನಿಮ್ಮ ತಲೆಯ ಮೇಲೆ ಕೈಯಿಟ್ಟಂತೆ ತಿಳಿಯಬೇಕಂತೆ. ಕಾಂತಿ ಅಕ್ಕ ಕೇಳಿದ್ದಾರೆಂದು ತಿಳಿಸಲು ಹೇಳಿದ್ದಾರೆ.

ನಿಮ್ಮ
ಸರಸ

ವಿ.ಸೂ.: ಅಂಚೆ ಚೀಲ ಕಟ್ಟುವ ಹೊತ್ತಾಯಿತು, ಮುಖ್ಯ ಮಾತೇ ಬಾಕಿ. ಗಿಟಾರನ್ನು ಅಬೂಬಕ್ಕರ್ ಕೈಯಲ್ಲಿ ಕಳಿಸುತ್ತಿಲ್ಲ. ನಿನ್ನೆ ಮಾವ ತಾವಾಗಿಯೇ "ಬೆಸುಗೆ ಬಿಟ್ರೆ ಅಲ್ಲಿ ಹಾಕುವವರು ಯಾರು? ನೀನೇ ತಕೊಂಡು ಹೋಗು. ಗಂಜಿ ನಾನು ಬೇಯಿಸ್ತೇನೆ" ಎಂದರು. ಅಬೂಬಕ್ಕರ್ ಈ ಸಲ ತಮ್ಮ ಹೆಂಡತಿ ಜುಲೈಕಾಳನ್ನೂ ಕರೆದುಕೊಂಡು ಗುರುವಾರ ಹೊರಡುತ್ತಾರೆ, ಅವರ ಜೊತೆಯಲ್ಲಿ ನಾನು. ನಿಮಗೆ ಕೋಣೆ ಸಿಗುವವರೆಗೆ ತನ್ನ ಹತ್ತಿರ ಇರು ಎಂದಿದ್ದಾಳೆ ಜುಲೈಕಾ. ಬೇಡವೆಂದು ಬರೆಯಬೇಡಿ, ಈ ಕಾಗದ ನಿಮಗೆ ಮುಟ್ಟುವಾಗ ನಾನು ಬಸ್ಸಿನಲ್ಲಿರುತ್ತೇನೆ. ಶನಿವಾರ ಬಸ್ಸು ನಿಲ್ಲುವಲ್ಲಿಗೆ ಬನ್ನಿ. ಗಿಟಾರನ್ನು ನೀವು ಹಿಡಿದುಕೊಳ್ಳಿ, ಬೆಸುಗೆಯ ಕಬ್ಬಿಣ ನನ್ನ ಕೈಯಲ್ಲೇ ಇರಲಿ.