ಬಾಲ್ಕನಿಯಲ್ಲಿಟ್ಟ ಹಿಟ್ಟು

ರೀ,

ಬಸ್ಸಿಗೆ ಹೊತ್ತಾಯ್ತು, ನಿಮ್ಮನ್ನು ಎಬ್ಬಿಸಲಿಲ್ಲ. ಗೀಸರ್ ಆಫ್ ಮಾಡಿ, ದಿನಾ ಹೇಳಿ ಸಾಕಾಗಿದೆ.

ರಾಜಧಾನಿಯ ದ್ವಾರಕಾದ ಈ ಚಳಿಯಲ್ಲಿ ಬಾಲ್ಕನಿಯಲ್ಲಿಟ್ಟ ಇಡ್ಲಿ ಹಿಟ್ಟು ಉಬ್ಬಿದರೆ ಮಸ್ಸೂರಿಗೆ ಹೋಗಿ ಹೋಟೆಲ್ ಇಡೋಣ, ಉಬ್ಬದಿದ್ದರೆ ಬೆಟ್ಟದ ಮಾತೇ ಎತ್ತಬೇಡಿ ಅಂತ ಪಂದ್ಯ ಕಟ್ಟಿದವಳು ನಾನೇ. ಉಬ್ಬಲ್ಲ ಅನ್ನೋ ಧೈರ್ಯ. ಬೆಳಿಗ್ಗೆ ನೋಡಿದರೆ ಪಾತ್ರೆಗೆ ನನ್ನ ಉಣ್ಣೆ ಶಾಲು ಸುತ್ತಿದ್ದೀರಿ, ಹಿಟ್ಟು ಉಕ್ಕಿ ಶಾಲಿಗೆಲ್ಲ ಮೆತ್ತಿದೆ. ಅದನ್ನು ನೆನೆಹಾಕಿ. ಶಾಲು ಹೊದಿಸಬಾರದು ಅಂತ ನಾನು ಹೇಳಿರಲಿಲ್ಲವಲ್ಲ.

ಹಿಟ್ಟು ಚೆಲ್ಲಿ, ಉಬ್ಬಲಿಲ್ಲ ಅಂದುಬಿಡೋಣ ಅನ್ನಿಸಿತು. ಅನ್ನ ಚೆಲ್ಲೋಕೆ ಕೈ ಬರಲಿಲ್ಲ.

ಕೆಲಸ ಬಿಡ್ತೀನಿ ಅಂತ ಇವತ್ತು ಆಫೀಸಿನಲ್ಲಿ ಹೇಳಬೇಕು.

ಎರಡು ತಟ್ಟೆ ಬೇಯಿಸಿ ಮುಚ್ಚಿಟ್ಟಿದ್ದೀನಿ. ಚಟ್ನಿ ನೀವೇ ರುಬ್ಬಿಕೊಳ್ಳಿ, ಹೋಟೆಲಿನವರು! ಇಡ್ಲಿ ಮಲ್ಲಿಗೆ ಹೂವಿನ ಹಾಗೆ ಬಂದಿವೆ, ನನ್ನ ಹಣೆಬರಹ.