ಯಾರೂ ಒತ್ತದ ಗುಂಡಿ

ಯೋಗ್ಯಕರ್ತ ನಗರ, ಗುರುವಾರ

ನನ್ನ ಮಂಚದ ಸುತ್ತ ನೆರೆದಿರುವ ಸೊಳ್ಳೆ ಮಹಾಜನಗಳೇ, ಇಲ್ಲಿನ ಬಾಡಿಗೆದಾರರಿಗೆಂದು ನಾನು ಮಾಡಿದ ಆ್ಯಪ್ ಇಂದು ಗೆದ್ದಿತು.

ಅದರ 'ದೂರು' ಗುಂಡಿಯನ್ನು ಇಷ್ಟು ದಿನ ಒಬ್ಬರೂ ಒತ್ತಿರಲಿಲ್ಲ. ನಮ್ಮ ಬಾಡಿಗೆ ಕೋಣೆಗಳನ್ನು ನೋಡಿಕೊಳ್ಳುವ, ನಾವೆಲ್ಲ ಇಬು, ಅಂದರೆ ಅಮ್ಮ, ಎಂದು ಕರೆಯುವ ವಾರ್ತಿನಿ, "ಈ ವಾರವೂ ಹಿಂಗೇ ಆದ್ರೆ ತೆಗೆದುಬಿಡಪ್ಪ" ಎಂದಿದ್ದರು.

ಬೆಳಿಗ್ಗೆ ಮಹಡಿಯ ಬಾಡಿಗೆದಾರ ಸುಗೆಂಗ್ ಬಂದು ಇಬುಗೆ ಕರಿದ ಬಾಳೆಹಣ್ಣು ಕೊಟ್ಟು, "ಈಚೆಗೆ ವರಾಂಡದಲ್ಲಿ ಮಲಗಿದ್ರೆ ಎಷ್ಟು ಹಾಯಾಗಿರುತ್ತೆ ಅಮ್ಮ" ಎಂದ.

ಇಬು ನನ್ನತ್ತ ತಿರುಗಿದರು. "ಕೇಳಿಸ್ತಾ? ಇವನ ಕೋಣೆ ಸೋರ್ತಿದೆ."

ದೂರುವುದು ಇಲ್ಲಿ ಒರಟುತನ. ಸೋರುವ ಸೂರಿಗೆ ದೂರಿಲ್ಲ, ದೂರುವ ಬಾಯಿಗೆ ಊರಿಲ್ಲ. ಪ್ರಾಸವೇನೋ ಸಿಕ್ಕಿತು, ಆದರೆ ಗುಂಡಿ?

ಮಧ್ಯಾಹ್ನ ಅದರ ಹೆಸರನ್ನು 'ಮಾತಾಡೋಕೆ ಬರ್ಲಾ ಅಮ್ಮ?' ಎಂದು ಬದಲಿಸಿದೆ. ಸಂಜೆಯೊಳಗೆ ಎಲ್ಲರೂ ಅದನ್ನು ಒತ್ತಿ, ಇಬು ಬಾಗಿಲಲ್ಲಿ ಜನವೋ ಜನ. ಇಬು ಚಹಾ ಕಾಸಿ ಸುಸ್ತಾದರು.

"ಇಷ್ಟು ಜನಕ್ಕೆ ಸಕ್ಕರೆ ನಿಮ್ಮಪ್ಪ ತರ್ತಾನಾ?"

"ಹಾಗಾದ್ರೆ ಆ್ಯಪ್ ತೆಗೀಲಾ ಅಮ್ಮ?"

"ಇರ್ಲಿ ಬಿಡು. ಮೇಸ್ತ್ರಿಗೆ ಹೇಳಿದೀನಿ."

ಹಾಯಾಗಿದೆ ಮನಸ್ಸು. ಭಾಷಣ ಇನ್ನೂ ಉದ್ದವಿತ್ತು, ಆದರೆ ನಿದ್ದೆ ಬರುತ್ತಿದೆ, ನಿಜ ಹೇಳಿಬಿಡುತ್ತೇನೆ. ಹೊಸ ಹೆಸರಿನ ಆ ಗುಂಡಿಯನ್ನು ಮೊದಲು ಒತ್ತಿದವನು ನಾನೇ. ನನ್ನ ಬಚ್ಚಲಿನ ನಲ್ಲಿ ತಿಂಗಳಿಂದ ತೊಟ್ಟಿಕ್ಕುತ್ತಿದೆ. ಇಬು ಮುಂದೆ ಕೂತು ಚಹಾ ಕುಡಿದು, "ರಾತ್ರಿ ಹೊತ್ತು ನೀರಿನ ಸದ್ದು ಕೇಳೋಕೆ ಎಷ್ಟು ಚೆಂದ ಅಮ್ಮ" ಎಂದಷ್ಟೇ ಹೇಳಿ ಎದ್ದು ಬಂದೆ.